ಕೋಲಿವಾಡದಲ್ಲಿ ಖಾಲಿ ಜಾಗ ಅಂತ ಒಂದಿಲ್ಲ

ನಮಸ್ಕಾರ. ಮುಂಬೈಯ ಬಾಂದ್ರಾ-ವರ್ಲಿ ಸೀ ಲಿಂಕ್ ಸೇತುವೆ ಮೇಲೆ ಹೋದವರೆಲ್ಲ ಈ ಜಾಗ ನೋಡಿಯೇ ಇರುತ್ತೀರಿ. ವರ್ಲಿ ಕಡೆ ಸಮುದ್ರಕ್ಕೆ ಚಾಚಿಕೊಂಡ ಒಂದು ತುಂಡು ನೆಲ. ಒತ್ತೊತ್ತಾದ ಮನೆಗಳು, ತುದಿಯಲ್ಲಿ ಬ್ರಿಟಿಷರ ಕಾಲದ ಸಣ್ಣ ಕೋಟೆ, ದಡದಲ್ಲಿ ದೋಣಿಗಳು. ಅದೇ ವರ್ಲಿ ಕೋಲಿವಾಡ, ಕೋಲಿ ಅನ್ನುವ ಮೀನುಗಾರ ಸಮುದಾಯದ ಕೇರಿ. ಈಚೆಗೆ ಅಲ್ಲಿ ಓಡಾಡಿ ಬಂದೆ.

ಹೋಗುವ ಮುಂಚೆ ಒಂದಷ್ಟು ವಿಡಿಯೋ ನೋಡಿದ್ದೆ. ಎಲ್ಲರದ್ದೂ ಒಂದೇ ರಾಗ: 'ಗಗನಚುಂಬಿಗಳ ನಡುವೆ ಉಳಿದ ಹಳೇ ಮುಂಬೈ'. ಡ್ರೋನ್ ಶಾಟ್ ಒಂದು, ಫ್ರೈ ಮಾಡಿದ ಪಾಪ್ಲೆಟ್ ಮೀನು ಒಂದು, ಮುಗೀತು. ಕೋಲಿಗಳು ಮುಂಬೈ ಏಳು ದ್ವೀಪವಾಗಿದ್ದಾಗಿನಿಂದ ಇಲ್ಲಿದ್ದಾರೆ, ನಿಜ. ಊರಿಗೆ ಹೆಸರು ಕೊಟ್ಟ ಮುಂಬಾದೇವಿ ಅವರ ದೇವಿ, ಅದೂ ನಿಜ. ಆದರೆ ಇದು ಮ್ಯೂಸಿಯಂ ಅಲ್ಲ ಮಾರಾಯ್ರೆ, ಕೆಲಸದ ಜಾಗ.

ಕ್ಲೀವ್‌ಲ್ಯಾಂಡ್ ಬಂದರ್ ಹತ್ತಿರ ಒಬ್ಬರು ಬಲೆ ಸರಿ ಮಾಡುತ್ತಾ ಕೂತಿದ್ದರು. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಬಿಗಿ ಹಿಡಿದು, ಹರಿದ ಕಣ್ಣನ್ನು ನೈಲಾನ್ ದಾರದಲ್ಲಿ ಒಂದೊಂದೇ ಗಂಟು ಹಾಕಿ ಮುಚ್ಚುತ್ತಿದ್ದರು. ಬಲೆ ಅವರ ಸುತ್ತ ಒಂದು ಕೋಣೆಯಷ್ಟು ಜಾಗ ತಿಂದಿತ್ತು. ಮುಂಬೈಯಲ್ಲೇ ಇರುವ ವರ್ಸೋವಾ, ಮಢ್ ಕೋಲಿವಾಡಗಳ ಕಡೆ ಹೋದರೆ ಬೊಂಬಿಲ್ ಮೀನು ಒಣಗಿಸುವ ಬಿದಿರಿನ ಚಪ್ಪರಗಳು. ಕೊಕ್ಕೆಯಿಲ್ಲ, ಕ್ಲಿಪ್ಪಿಲ್ಲ. ಎರಡು ಮೀನಿನ ಬಾಯಿಗೆ ಬಾಯಿ ಸಿಕ್ಕಿಸಿ ಹಗ್ಗದ ಮೇಲೆ ನೇತುಹಾಕುತ್ತಾರೆ. ಇದಕ್ಕೆಲ್ಲ ಬಯಲು ಬೇಕು, ಬಿಸಿಲು ಬೇಕು, ಗಾಳಿ ಬೇಕು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದಲ್ವಾ, ಆಗ ದೋಣಿ ಎಳೆದಿಡಲೂ ಜಾಗ ಬೇಕು. ಬಿಲ್ಡರ್ ಕಣ್ಣಿಗೆ ಮಾತ್ರ ಇದೆಲ್ಲ ಖಾಲಿ ಸೈಟು.

ಸಮುದ್ರದಲ್ಲೂ ಇದೇ ಕಥೆ. ಪಾಲಿಕೆಯ ಕೋಸ್ಟಲ್ ರೋಡ್, ಅಂದರೆ ಸಮುದ್ರದಂಚಿನ ಹೊಸ ರಸ್ತೆ, ಬಂತು. ಅದನ್ನು ವರ್ಲಿಯಲ್ಲಿ ಸೀ ಲಿಂಕ್‌ಗೆ ಜೋಡಿಸುವ ಕಂಬಗಳು ಸರಿಯಾಗಿ ಇವರ ದೋಣಿ ಹೋಗಿ ಬರುವ ದಾರಿಗೇ ಬಂದವು. ಕಂಬಗಳ ನಡುವೆ 60 ಮೀಟರ್ ಬಿಟ್ಟಿದ್ದೇವೆ, ಸಾಕು ಅಂದಿತು ಪಾಲಿಕೆ. ನಕ್ಷೆ ನೋಡಿದರೆ ನಮಗೂ ಸಾಕು ಅನ್ನಿಸುತ್ತದೆ. ಆದರೆ ದೋಣಿ ರಸ್ತೆ ಮೇಲಿನ ಬಸ್ಸಿನ ಹಾಗೆ ಗೆರೆ ಹಿಡಿದು ಹೋಗುವುದಿಲ್ಲ. ಗಾಳಿ ಒಂದು ಕಡೆ ತಳ್ಳುತ್ತದೆ, ನೀರಿನ ಸೆಳೆತ ಇನ್ನೊಂದು ಕಡೆ ಎಳೆಯುತ್ತದೆ. ಕಂಬಕ್ಕೆ ಬಡಿದ ಅಲೆ ತಿರುಗಿ ಬಂದು ದೋಣಿಗೇ ಹೊಡೆಯುತ್ತದೆ. ಎದುರಿಗೆ ಇನ್ನೊಂದು ದೋಣಿ ಬಂದರಂತೂ ಮುಗಿದೇ ಹೋಯಿತು. ಮೀನುಗಾರರು 160 ಮೀಟರ್ ಕೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ದೋಣಿಗಳನ್ನೇ ಅಡ್ಡ ತಂದು ಕೆಲಸ ನಿಲ್ಲಿಸಿದರು. 2022ರ ಕೊನೆಯಲ್ಲಿ ಒಂದು ಕಂಬ ಕೈಬಿಟ್ಟು 120 ಮೀಟರ್ ಮಾಡಲು ಸರ್ಕಾರ ಒಪ್ಪಿತು.

ಅರ್ಧ ಗೆಲುವು ಅನ್ನಿ. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಅದೇ ನೀರಿನಲ್ಲಿ ತಲೆಮಾರುಗಳಿಂದ ದೋಣಿ ನಡೆಸಿದವರನ್ನು ಮೊದಲೇ ಕೂರಿಸಿಕೊಂಡು ಕೇಳಿದ್ದರೆ ಈ ರಂಪಾಟವೇ ಬೇಕಿರಲಿಲ್ಲ. ಕೇಳಲಿಲ್ಲ, ಯಾಕೆಂದರೆ ಕೋಲಿಗಳು ಅಂದರೆ ಪಾಲಿಕೆ, ಸರ್ಕಾರದವರ ಲೆಕ್ಕದಲ್ಲಿ ನಾರಳಿ ಪೂರ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಡುವವರು, ಹಬ್ಬದ ಫೋಟೋಗೆ ಚೆಂದ. ಎಂಜಿನಿಯರ್ ಜೊತೆ ಕೂತು ವಾದ ಮಾಡುವವರಲ್ಲ.

ನಮ್ಮವರಿಗೆ ಇದು ದೂರದ ಸಂಗತಿಯೇನಲ್ಲ. ನಮ್ಮ ಕರಾವಳಿಯ ಮೀನುಗಾರ ಮೊಗವೀರರು 1902ರಲ್ಲೇ ಮುಂಬೈಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡವರು. ಮಲ್ಪೆಯಲ್ಲೋ ಮಂಗಳೂರಿನ ಬೆಂಗ್ರೆಯಲ್ಲೋ ಬೆಳೆದವರಿಗೆ ದಡದ ಮರಳು ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ನೀವೂ ಕೋಲಿವಾಡಕ್ಕೆ ಹೋಗಿ, ಬೇಡ ಅನ್ನುವುದಿಲ್ಲ. ಮೀನು ತಗೊಳ್ಳಿ, ಮೀನು ಮಾರುವ ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮ) ಹತ್ತಿರ ಜಾಸ್ತಿ ಚೌಕಾಶಿ ಮಾಡಬೇಡಿ, ನೀವು ಗೆಲ್ಲುವುದೂ ಇಲ್ಲ. ಕಾರು ಮಾತ್ರ ಮೇನ್ ರೋಡಲ್ಲೇ ಬಿಡಿ. ಒಳಗಡೆ ಖಾಲಿ ಕಾಣುತ್ತದಲ್ಲ, ಅಲ್ಲಿ ಸ್ವಲ್ಪ ಹೊತ್ತಿಗೆ ಯಾರೋ ಬಲೆ ಹರವಬೇಕಿರುತ್ತದೆ.