ಮೇಲಿನ ಗೆರೆಗೆ ದುಡ್ಡು, ಕೆಳಗಿನ ಗೆರೆಗೆ ಸೊನ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಿಸುವುದು ಹೇಗೆ ಅಂತ ಇವತ್ತು ಹೇಳಬೇಕಿತ್ತು. ಹಿಟ್ಟು ರುಬ್ಬಿಯೂ ಆಗಿತ್ತು. ಮನೆ ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವುದೂ ದುಡಿಮೆಯೇ, ಸರ್ಕಾರದ ನರ್ಸರಿ ನೆರವಿಗೆ ಆ ದುಡ್ಡನ್ನೂ ಲೆಕ್ಕಕ್ಕೆ ತಗೋಬೇಕು ಅಂತ ಹೋದ ವಾರದ ವಿಡಿಯೊದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರ ಕಾಮೆಂಟ್ ಕಣ್ಣಿಗೆ ಬಿತ್ತು. "ಮೇಡಂ, ಬಾಡಿಗೆ ಎಣಿಸುವುದೂ ಒಂದು ಕೆಲಸಾನಾ?"

ಬನ್ನಿ, ಮಾತಾಡೋಣ.

ವಿಷಯ ಗೊತ್ತಿಲ್ಲದವರಿಗೆ. ಇಲ್ಲಿ ಕೆಲಸ ಮಾಡುವ ಅಪ್ಪ ಅಮ್ಮಂದಿರ ಮಗುವಿಗೆ ಒಂಬತ್ತು ತಿಂಗಳಾದ ಮೇಲೆ ಸರ್ಕಾರ ವಾರಕ್ಕೆ 30 ಗಂಟೆ ನರ್ಸರಿ ಖರ್ಚು ಕೊಡುತ್ತದೆ, ವರ್ಷಕ್ಕೆ 38 ವಾರ. ಸೆಪ್ಟೆಂಬರ್ 2025ರಿಂದ ಹೀಗಿದೆ. ಆದರೆ ಇಬ್ಬರೂ ದುಡಿಯಬೇಕು. ತಲಾ ವಾರಕ್ಕೆ 16 ಗಂಟೆಯ ಕನಿಷ್ಠ ಕೂಲಿಯಷ್ಟಾದರೂ ಬರಬೇಕು. ಏಪ್ರಿಲ್ 2026ರಿಂದ ಆ ಕೂಲಿ ಗಂಟೆಗೆ 12.71 ಪೌಂಡ್, ಅಂದರೆ ವಾರಕ್ಕೆ 203 ಪೌಂಡ್ ಚಿಲ್ಲರೆ. ಇದು ಕೆಳಗಿನ ಗೆರೆ. ಮೇಲಿನ ಗೆರೆ ವರ್ಷಕ್ಕೆ ಒಂದು ಲಕ್ಷ ಪೌಂಡ್ ಆದಾಯ. ಇಬ್ಬರಲ್ಲಿ ಒಬ್ಬರು ಅದನ್ನು ದಾಟಿದರೂ 30 ಗಂಟೆ ಇಲ್ಲ.

ಈಗ ನೋಡಿ ತಮಾಷೆ. ಕೆಳಗಿನ ಗೆರೆ ಮುಟ್ಟಲು ಬಾಡಿಗೆ ದುಡ್ಡು ತೋರಿಸಿದರೆ, ಅದು ಸಂಪಾದನೆ ಅಲ್ಲ ಅನ್ನುತ್ತಾರೆ. ಬಡ್ಡಿ, ಡಿವಿಡೆಂಡ್, ಪೆನ್ಷನ್ ಇದ್ದ ಹಾಗಂತೆ. ಆದರೆ ಮೇಲಿನ ಗೆರೆ ದಾಟಿದ್ದೀರಾ ಅಂತ ನೋಡುವಾಗ? ಅದೇ ಬಾಡಿಗೆಯ ಲಾಭ ಪೂರ್ತಿ ಲೆಕ್ಕಕ್ಕೆ. ಸಂಬಳ 97,000, ಬಾಡಿಗೆ ಲಾಭ 4,000 ಆದರೆ ಮುಗಿಯಿತು ಕಥೆ. ಇಲ್ಲಿ ವರ್ಷಗಟ್ಟಲೆ ನೆಲೆಸಿದವರಾದರೆ ಜಯನಗರದ ಮನೆಯ ಬಾಡಿಗೆಯೂ ಸೇರುತ್ತದೆ. ಕೊಡುವಾಗ ಅದು ದುಡ್ಡಲ್ಲ, ಕಿತ್ತುಕೊಳ್ಳುವಾಗ ದುಡ್ಡು!

ನನ್ನ ಹೆಸರಲ್ಲಿ ಎರಡು ಸಣ್ಣ ಮನೆಗಳಿವೆ. ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಜನವರಿಯಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಬಾಡಿಗೆಯವರ ಫೋನ್. ಮನೆ ಬಿಸಿ ಮಾಡುವ ಬಾಯ್ಲರ್ ಸೋರುತ್ತಿದೆ. ನಮ್ಮವರು ಊರಲ್ಲಿರಲಿಲ್ಲ. ಮಗುವನ್ನು ಕಂಬಳಿ ಸಮೇತ ಕಾರಿಗೆ ಹಾಕಿಕೊಂಡು ಹೋದೆ. ಪೈಪಿನ ಕೆಳಗೆ ಇಟ್ಟಿದ್ದ ಐಸ್‌ಕ್ರೀಮ್ ಡಬ್ಬ ತುಂಬಿ ನೀರು ಕಾರ್ಪೆಟ್‌ಗೆ ಇಳಿದಿತ್ತು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಟಾರ್ಚ್, ಹಲ್ಲಿನಲ್ಲಿ ಕಾರಿನ ಕೀ. ಇದು ಬಡ್ಡಿ ಇದ್ದ ಹಾಗಾ? ಬ್ಯಾಂಕಿನಲ್ಲಿಟ್ಟ ದುಡ್ಡು ರಾತ್ರಿ ಹನ್ನೊಂದಕ್ಕೆ ಸೋರುತ್ತದಾ?

ಇದೇ ಕೆಲಸವನ್ನು ಬಾಡಿಗೆ ಮನೆ ಏಜೆಂಟರ ಆಫೀಸಿನ ಹುಡುಗಿ ಮಾಡುತ್ತಾಳೆ. ಗ್ಯಾಸ್ ಸರ್ಟಿಫಿಕೇಟ್ ವರ್ಷಕ್ಕೊಮ್ಮೆ, ಕರೆಂಟಿನ ತಪಾಸಣೆ ಐದು ವರ್ಷಕ್ಕೊಮ್ಮೆ, ಬಾಡಿಗೆಯವರ ಅಡ್ವಾನ್ಸ್ ದುಡ್ಡನ್ನು 30 ದಿನದೊಳಗೆ ಅದನ್ನು ಕಾಪಾಡುವ ಸ್ಕೀಮಿಗೆ ಸೇರಿಸುವುದು. ಬೇರೆಯವರ ಮನೆಗೆ ಮಾಡಿದರೆ ಅವಳದು ಉದ್ಯೋಗ. ನನ್ನ ಮನೆಗೇ ಮಾಡಿದರೆ ನಾನು ಸುಮ್ನೆ ಕೂತವಳು!

"ಬಾಡಿಗೆಗೆ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಲ್ಲ, ಅದಕ್ಕೇ ಅದು ಸ್ವಂತ ಉದ್ಯೋಗ ಅಲ್ಲ" ಅಂತ ಇನ್ನೊಬ್ಬರ ಪಾಂಡಿತ್ಯ. ನ್ಯಾಷನಲ್ ಇನ್ಶೂರೆನ್ಸ್ ಅಂದರೆ ದುಡಿಯುವವರು ತೆರಿಗೆಯ ಜೊತೆ ಸರ್ಕಾರಕ್ಕೆ ಕಟ್ಟುವ ವಂತಿಗೆ. ಸರ್ಕಾರ ಕೇಳಲಿ ಸ್ವಾಮಿ, ನಾನೂ ಕಟ್ಟುತ್ತೇನೆ. ನರ್ಸರಿ ಬಿಲ್ ಕಟ್ಟುವವಳಿಗೆ ಅದೊಂದು ಲೆಕ್ಕಾನಾ? ಇನ್ನೊಬ್ಬರು ಬರೆದಿದ್ದಾರೆ, "ಎರಡು ಮನೆ ಇರುವವರಿಗೆ ಪುಕ್ಕಟೆ ನರ್ಸರಿ ಯಾಕೆ?" ಸಾರ್, ತೊಂಬತ್ತೆಂಟು ಸಾವಿರ ಸಂಬಳದವರಿಗೆ ಕೊಡುತ್ತಿದ್ದಾರಲ್ಲ, ಅವರನ್ನು ಕೇಳಿದಿರಾ?

ಇನ್ನೊಂದು ಕೇಳಿ. ಏಪ್ರಿಲ್ 2026ರಿಂದ ಡಿಜಿಟಲ್ ತೆರಿಗೆ ಲೆಕ್ಕ ಬಂದಿದೆ. ಮೂರು ತಿಂಗಳಿಗೊಮ್ಮೆ ಕಳಿಸಬೇಕು. ಯಾರು? ಸ್ವಂತ ಉದ್ಯೋಗ ಮತ್ತು ಬಾಡಿಗೆ, ಎರಡರಿಂದಲೂ ಬಂದದ್ದನ್ನು ಕೂಡಿಸಿ 50,000 ಪೌಂಡ್ ದಾಟಿದವರು. ಕೂಡಿಸಿ! ಲೆಕ್ಕ ಬರೆಸುವಾಗ ಇಬ್ಬರೂ ಒಂದೇ ಪಂಕ್ತಿ. ಊಟ ಬಡಿಸುವಾಗ ನನ್ನ ಎಲೆ ಮಾತ್ರ ಖಾಲಿ.

ಈ ಯೂಟ್ಯೂಬ್ ಚಾನೆಲ್ ಇದೆಯಲ್ಲ, ಇದರಿಂದ ಬರುವ ಕಾಸು ಮಾತ್ರ ಸ್ವಂತ ಉದ್ಯೋಗಕ್ಕೆ ಸೇರುತ್ತದೆ! ಹೊಸ ಉದ್ಯೋಗವಾದರೆ ಮೊದಲ ಹನ್ನೆರಡು ತಿಂಗಳು ಕೆಳಗಿನ ಗೆರೆಯೂ ಇಲ್ಲ. ನನ್ನ ಚಾನೆಲ್‌ಗೆ ಎರಡು ವರ್ಷ ಆಯಿತು, ನನ್ನ ಹಣೆಬರಹ. ಹಾಗಾಗಿ ಲೈಕ್ ಒತ್ತಿ, ಸಬ್‌ಸ್ಕ್ರೈಬ್ ಮಾಡಿ, ನಿಮ್ಮತ್ತೆಯ ಫೋನಿನಿಂದಲೂ ಮಾಡಿ. ವಾರಕ್ಕೆ 203 ಪೌಂಡ್ ಸಾಕು. ಜಾಸ್ತಿ ಕೇಳುತ್ತಿಲ್ಲ.

ಇನ್ನೂ ಮೂರು ಕಾರಣ ಬರೆದುಕೊಂಡಿದ್ದೆ. ಚೀಟಿ ಮಗಳ ಕೈಗೆ ಸಿಕ್ಕು ಅರ್ಧ ಬಾಯೊಳಗೆ ಹೋಗಿದೆ. ಹೋಗಲಿ ಬಿಡಿ. ಕೊಡುವಾಗ ದುಡ್ಡಲ್ಲ, ಕಿತ್ತುಕೊಳ್ಳುವಾಗ ದುಡ್ಡು, ಅಲ್ವಾ? ಕಾಮೆಂಟ್ ಹಾಕಿದ ಆ ಮಹಾನುಭಾವರು ಈ ವಿಡಿಯೊನೂ ನೋಡಲಿ, ಜಾಹೀರಾತು ಸ್ಕಿಪ್ ಮಾಡದೆ.

ಇಡ್ಲಿ ಹಿಟ್ಟಿನ ವಿಡಿಯೊ ಗುರುವಾರ. ಹಿಟ್ಟನ್ನು ಬಾಯ್ಲರ್ ಪಕ್ಕ ಇಟ್ಟಿದ್ದೇನೆ.