ಮುಂದೆ ಎಂದರೆ ಬಲವಲ್ಲ: ಫೈಟಿಂಗ್ ಗೇಮ್‌ಗಳ ಅಂಕಿಲಿಪಿ

ಸ್ನೇಹಿತರೇ, ಬೋರ್ಡಿನ ಮೇಲೆ 236 ಎಂದು ಬರೆದ ಕೂಡಲೇ ಮುಂದಿನ ಸಾಲಿನಲ್ಲಿ ಕೆಲವರ ಹೆಬ್ಬೆರಳು ಅಲುಗಿದ್ದು ಕಂಡಿತು. ಹಾಗಾಗಿ ಪೀಠಿಕೆ ಬೇಡ. ಇಬ್ಬರು ಗುದ್ದಾಡುವ ಈ ಆಟಗಳಲ್ಲಿ ಕಂಟ್ರೋಲರ್ ಕಡ್ಡಿಯನ್ನು ಯಾವ ದಿಕ್ಕಿಗೆ ತಳ್ಳಬೇಕು ಎಂಬುದನ್ನು ಅಂಕಿಗಳಲ್ಲಿ ಬರೆಯುತ್ತೇವೆ. ಕೀಬೋರ್ಡಿನ ಬಲತುದಿಯ ಅಂಕಿಗಳೇ ನಮ್ಮ ನಕ್ಷೆ: ನಡುವೆ 5, ಕೆಳಗೆ 2, ಮೇಲೆ 8, ಹಿಂದೆ 4, ಮುಂದೆ 6, ಉಳಿದವು ಓರೆ ದಿಕ್ಕುಗಳು. 236 ಎಂದರೆ ಕೆಳಗೆ, ಓರೆಯಾಗಿ ಕೆಳಗೆ-ಮುಂದೆ, ಆಮೇಲೆ ಮುಂದೆ. ಗಮನಿಸಿ, ಮುಂದೆ ಎಂದೆ, ಬಲಕ್ಕೆ ಎನ್ನಲಿಲ್ಲ. ಎದುರಾಳಿಯ ತಲೆಯ ಮೇಲೆ ಹಾರಿ ಆಚೆ ಇಳಿದರೆ ಅದೇ 6 ಎಡಕ್ಕೆ ಬರುತ್ತದೆ.

ಒಬ್ಬ ಗೆಳೆಯನಿಗೆ ನಾನು ‘236, ಆಮೇಲೆ ಪಂಚ್’ ಎಂದು ಸಂದೇಶ ಕಳಿಸಿದ್ದೆ. ಅದರಿಂದ ಬರುವುದು ಹಡೋಕೆನ್, 1987ರ ಮೊದಲ ಸ್ಟ್ರೀಟ್ ಫೈಟರ್‌ನಿಂದಲೂ ಇರುವ ಬೆಂಕಿಯುಂಡೆ; ಕಲಿಯಲು ಐದು ನಿಮಿಷ ಸಾಕು. ಅರ್ಧ ಗಂಟೆಯ ಮೇಲೆ ಅವನ ಕರೆ ಬಂತು: ‘ಬೆಂಕಿಯೂ ಇಲ್ಲ, ಉಂಡೆಯೂ ಇಲ್ಲ, ಇವನು ಬರೀ ನೆಗೆಯುತ್ತಿದ್ದಾನೆ.’ ಕಂಟ್ರೋಲರ್ ಕೆಟ್ಟಿದೆ ಎಂದ. ಬೇರೆ ಕಂಟ್ರೋಲರ್ ತಂದ. ಮತ್ತೆ ನೆಗೆತ. ಕೊನೆಗೆ ಗೊತ್ತಾಯಿತು, ಅವನು ಮೊಬೈಲಿನ ಅಂಕಿಗಳನ್ನು ನೋಡಿಕೊಂಡು ಆಡುತ್ತಿದ್ದ! ಅಲ್ಲಿ 2 ಮೇಲಿದೆ, 8 ಕೆಳಗಿದೆ. ಪಾಪ, ನಾನು ಬರೆದದ್ದನ್ನು ಚಾಚೂ ತಪ್ಪದೆ ಮಾಡಿದ್ದ.

ಹೀಗಿದ್ದರೂ ನಾನು ಅಂಕಿಗಳ ಪಕ್ಷವೇ. ಇದೇ 236 ಅನ್ನು ‘ಕ್ವಾರ್ಟರ್ ಸರ್ಕಲ್ ಫಾರ್ವರ್ಡ್’ (ಮುಂದಕ್ಕೆ ಕಾಲು ವೃತ್ತ) ಎಂದರೆ ಇಂಗ್ಲಿಷ್ ಬಲ್ಲವರಿಗಷ್ಟೇ ತಿಳಿದೀತು. 236 ಯಾರಿಗಾದರೂ ಒಂದೇ. ಅಷ್ಟೇ ಅಲ್ಲ, ಅಂಕಿಗಳು ನಮ್ಮ ತಪ್ಪಿಗೆ ಕಾರಣವನ್ನೂ ಹೇಳುತ್ತವೆ. ಮುಂದೆ ನಡೆಯುತ್ತಾ ಹಡೋಕೆನ್ ಹೊಡೆಯಲು ಹೋದಾಗ ನೆಗೆದು ಮೇಲಕ್ಕೆ ಹೊಡೆಯುವ ಗುದ್ದಾದ ಶೋರ್ಯೂಕೆನ್ ಬಂದು, ಆಕಾಶಕ್ಕೆ ಗುದ್ದಿ, ಕೆಳಗಿಳಿಯುವಾಗ ಏಟು ತಿಂದವರು ಇಲ್ಲಿ ಎಷ್ಟು ಜನ? ಕೈ ಎತ್ತಲು ಸಂಕೋಚವೇಕೆ, ನಾನೇ ಮೊದಲು ಎತ್ತುತ್ತೇನೆ. ಈಗ ಬರೆದು ನೋಡಿ. ನಡೆಯುವುದು 6. ಅದರ ಬೆನ್ನಿಗೆ 236. ಕೂಡಿಸಿದರೆ 6236. ಮೊದಲ ಮೂರು ಅಂಕಿಗಳನ್ನು ಓದಿ: 623. ಶೋರ್ಯೂಕೆನ್! ಅನೇಕ ಆಟಗಳು ಇಂಥ ಕಡೆ 623ಕ್ಕೇ ಮಣೆ ಹಾಕುತ್ತವೆ. ಬಾಣದ ಗುರುತುಗಳ ಸಾಲಿನಲ್ಲಿ ಇದು ನನಗೆ ವರ್ಷಗಟ್ಟಲೆ ಕಂಡಿರಲಿಲ್ಲ.

ಟೆಕ್ಕನ್ ಎಂಬ ಇನ್ನೊಂದು ಫೈಟಿಂಗ್ ಗೇಮ್ ಆಡುವವರು ಆಗಲೇ ಹುಬ್ಬು ಗಂಟಿಕ್ಕಿದ್ದಾರೆ. ಅವರಿಗೆ 1 ಎಡಗೈ, 2 ಬಲಗೈ, 3 ಎಡಗಾಲು, 4 ಬಲಗಾಲು, ದಿಕ್ಕಿಗೆ ಅಕ್ಷರಗಳು. ಅವರ 2 ಗುದ್ದು, ನಮ್ಮ 2 ಕುಕ್ಕರಗಾಲು. ಯಾವ ಆಟ ಎಂದು ಮೊದಲೇ ಹೇಳದೆ ಕಾಂಬೋ (ಸರಣಿ ಏಟು) ಬರೆದು ಕಳಿಸಬೇಡಿ, ಜಗಳವಾಗುತ್ತದೆ. ಅಂದ ಹಾಗೆ, ಅವರ ‘ಎಫ್’ ಕೂಡ ಮುಂದೆಯೇ, ಬಲವಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಚಾರ್ಜ್, ಅಂದರೆ ಒತ್ತಿ ಹಿಡಿದು ಮಾಡುವ ಹೊಡೆತಗಳ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ, ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: [4]6 ಎಂದರೆ ಹಿಂದಕ್ಕೆ ಒತ್ತಿ ಹಿಡಿದಿದ್ದು, ಆಮೇಲೆ ಮುಂದೆ. ಎಷ್ಟು ಹೊತ್ತು ಹಿಡಿಯಬೇಕು ಎಂಬುದನ್ನು ಆವರಣ ಹೇಳುವುದಿಲ್ಲ, ಅದು ಆಟದಿಂದ ಆಟಕ್ಕೆ ಬೇರೆ.

5 ಯಾಕೆ ಬೇಕು ಎಂದು ಹಿಂದಿನಿಂದ ಯಾರೋ ಕೇಳಿದಿರಿ. ರಭಸದಿಂದ ಮುಂದೆ ನುಗ್ಗುವುದನ್ನು 66 ಎಂದು ಬರೆಯುತ್ತೇವೆ. ಎರಡು 6ಗಳ ನಡುವೆ ಕಡ್ಡಿಯನ್ನು ನಡುವಿಗೆ ಬಿಡದಿದ್ದರೆ ಆಟಕ್ಕೆ ಕಾಣುವುದು ಒಂದೇ 6, ಪಾತ್ರ ಸುಮ್ಮನೆ ನಡೆಯುತ್ತದೆ. ಬರೆಯುವುದು 66, ಕೈ ಮಾಡುವುದು 656.