ಪರ್ವತಿ ಮೆಟ್ಟಿಲು ಹತ್ತುವಾಗ ಮಾತು ನಿಲ್ಲಬೇಕು

ದಿನಾ ಅದೇ ದಾರಿ, ಅದೇ ವೇಗ, ಅಷ್ಟೇ ಹೊತ್ತು ವಾಕಿಂಗ್. ಹೀಗೇ ಹೋದರೆ ಮೈ ಅದಕ್ಕೆ ಒಗ್ಗಿಬಿಡುತ್ತದೆ. ವಾಕಿಂಗ್ ಒಳ್ಳೆಯದೇ, ಬಿಡಿ ಅಂತ ಹೇಳುತ್ತಿಲ್ಲ. ಆದರೆ ದಮ್ಮು ಹೆಚ್ಚಬೇಕು ಅಂದರೆ ಅದೊಂದೇ ಸಾಲದು. ಆಗ ಹೆಚ್ಚಿನವರು ಮಾಡುವುದೇನು? ಇನ್ನೂ ಅರ್ಧ ಗಂಟೆ ಸೇರಿಸುತ್ತಾರೆ. ಬೆಳಗ್ಗೆ ಆಫೀಸಿಗೆ ಹೋಗುವವರಿಗೆ ಅದೆಲ್ಲಿ ಆಗುತ್ತೆ? ಹೊತ್ತು ಅಷ್ಟೇ ಇರಲಿ, ಏರು ಹುಡುಕಿ. ಪುಣೆಯಲ್ಲಿ ಗುಡ್ಡಕ್ಕೇನು ಬರವಾ! ವೇತಾಳ ಟೇಕಡಿ ಇದೆ, ಹನುಮಾನ್ ಟೇಕಡಿ ಇದೆ, ತಳಜಾಯಿ ಇದೆ.

ನೋಡಿ, ಇದು ಪರ್ವತಿ ಗುಡ್ಡ. ಮೇಲೆ ಪೇಶ್ವೆಗಳ ಕಾಲದ ಗುಡಿ, ಕೆಳಗಿನಿಂದ ಅಲ್ಲಿತನಕ ನೂರರ ಆಚೆಈಚೆ ಕಲ್ಲಿನ ಮೆಟ್ಟಿಲು. ಮೊದಲ ಸಲ ಆರಾಮಾಗಿ ಹತ್ತಿ, ಮೈ ಬಿಸಿಯಾಗಲಿ. ಆಮೇಲೆ ಒಂದು ನಿಮಿಷ ಜೋರಾಗಿ ಹತ್ತಿ, ಎರಡು ನಿಮಿಷ ನಿಧಾನ, ಮತ್ತೆ ಒಂದು ನಿಮಿಷ ಜೋರು. ಶುರುವಿಗೆ ಇಂಥವು ಮೂರ್ನಾಲ್ಕು ಸಾಕು, ಅದೂ ವಾರಕ್ಕೆ ಎರಡು ದಿನ, ನಡುವೆ ಒಂದೆರಡು ದಿನ ಬಿಟ್ಟು.

ಜೋರು ಅಂದರೆ ಎಷ್ಟು ಜೋರು? ಇಲ್ಲಿ ನನ್ನ ಜೊತೆ ಹತ್ತುವ ಕಲಬುರಗಿಯ ಕಾಕಾ ಒಬ್ಬರಿದ್ದಾರೆ, ಹತ್ತುತ್ತಾ ಊರಿನ ಸುದ್ದಿಯೆಲ್ಲಾ ಕೇಳುತ್ತಾರೆ. ನಾನು ಹೂಂ, ಹಾಂ ಅಂತ ಮಾತ್ರ ಅನ್ನೋಕೆ ಶುರು ಮಾಡಿದರೆ, "ಯಾಕೋ ತಮ್ಮಾ, ಮಾತ ನಿಂತ್ವಲ್ಲ?" ಅಂತಾರೆ. ಅದೇ ಅಳತೆ. ಮಾತಾಡೋಕೆ ಆಗುತ್ತೆ, ಹಾಡೋಕೆ ಆಗಲ್ಲ ಅಂದರೆ ಮಧ್ಯಮ. ನಾಲ್ಕು ಪದ ಆಡಿ ಉಸಿರು ತಗೋಬೇಕು ಅಂದರೆ ಜೋರು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರಿನದು. ಅಂದರೆ ಜೋರಿನ ಒಂದು ನಿಮಿಷ ಹೆಚ್ಚುಕಡಿಮೆ ಎರಡಕ್ಕೆ ಸಮ. ಟೈಮ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆ ಲೆಕ್ಕ ಬೇಕಾ?

ವಾಚು ನೋಡಿಕೊಂಡು ಹತ್ತುವವರೂ ಇದ್ದಾರೆ. 220ರಲ್ಲಿ ವಯಸ್ಸು ಕಳೆದರೆ ಎದೆಬಡಿತದ ಮೇಲ್ಮಿತಿ ಸಿಗುತ್ತೆ, ನಲವತ್ತರವರಿಗೆ 180, ಅದರ ಮುಕ್ಕಾಲು ಪಾಲು ದಾಟಿದರೆ ಜೋರು ಅಂತ ಲೆಕ್ಕ. ಆದರೆ ಅದು ಸರಾಸರಿ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಅತ್ತಿತ್ತ ಆಗುತ್ತೆ. ಬಿಪಿಗೆ ಅಂತ ಕೊಡುವ ಕೆಲವು ಮಾತ್ರೆ ಎದೆಬಡಿತವನ್ನೇ ಏರಲು ಬಿಡುವುದಿಲ್ಲ, ಆಗ ವಾಚಿನ ಅಂಕಿ ಸುಮ್ನೆ. ನನಗಂತೂ ಕಾಕಾನೇ ವಾಸಿ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ಕೂತುಬಿಡಿ.

ಇಳಿಯುವಾಗ ಓಡಬೇಡಿ. ಹತ್ತುವುದು ಉಸಿರಿನ ಕೆಲಸ, ಇಳಿಯುವುದು ತೊಡೆಯ ಕೆಲಸ: ಸ್ನಾಯು ಹಿಗ್ಗುತ್ತಾ ಭಾರ ತಡೆಯುತ್ತೆ, ಅದಕ್ಕೇ ಮಾರನೆಯ ದಿನ, ಅದರ ಮಾರನೆಯ ದಿನ ಜಾಸ್ತಿ ನೋವು. ಆ ನೋವು ತಾನಾಗೇ ಹೋಗುತ್ತೆ. ಮಂಡಿಯೊಳಗೆ ಚುಚ್ಚಿದರೆ ಮಾತ್ರ ಬೇರೆ ಮಾತು, ತೋರಿಸಿಕೊಳ್ಳಿ.

ಇದು ಸಲೀಸಾದ ಮೇಲೆ ಒಂದನ್ನೇ ಹೆಚ್ಚಿಸಿ, ಸುತ್ತು ಇಲ್ಲವೇ ವೇಗ. ಎರಡನ್ನೂ ಒಟ್ಟಿಗೆ ಬೇಡ. ನನ್ನ ಕಣ್ಣು ಈಗ ಸಿಂಹಗಡ ಕೋಟೆಯ ಮೇಲಿದೆ, ಅತ್ಕರ್‌ವಾಡಿ ಕಡೆಯ ಕಾಲುದಾರಿ, ನಿಲ್ಲದೆ. ಮೇಲೆ ಪಿಠಲ ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ), ಮಡಕೆ ಮೊಸರು ಸಿಗುತ್ತೆ. ಹತ್ತಿದ್ದೆಲ್ಲಾ ತಿಂದು ಕಳೆದೆ ಅಂತ ಯಾರೂ ಕಮೆಂಟ್ ಹಾಕಬೇಡಿ, ನಾನು ಓದಲ್ಲ.